ಪೊರ್ಬುಗಳ ಬಂಡೆ

ನನ್ನ ಆಯುಷ್ಯದಲ್ಲಿ ತಪ್ಪಿದ ಬಸ್ಸುಗಳ ಪೈಕಿ ಅರ್ಧಕ್ಕಿಂತ ಹೆಚ್ಚಿನವು ಒಬ್ಬರೇ ಮನುಷ್ಯರ ದೆಸೆಯಿಂದ ತಪ್ಪಿದವು. ಅವರು ಹೋದ ತಿಂಗಳು ತೀರಿಕೊಂಡರು. ಹಳೆಯ ಆಫೀಸಿನವರ ವಾಟ್ಸಾಪ್ ಗುಂಪಿನಲ್ಲಿ ಯಾರೋ ‘ಮಿತಭಾಷಿ, ಎಲ್ಲರೊಡನೆ ಹೊಂದಿಕೊಂಡು ಹೋಗುವ ಸ್ವಭಾವ’ ಎಂದು ಬರೆದರು. ಅದರ ಕೆಳಗೆ ಉಳಿದವರೆಲ್ಲ ಕೈಮುಗಿದ ಚಿತ್ರ ಹಾಕಿದರು. ನಾನು ಓದಿ ಫೋನು ಕೆಳಗಿಟ್ಟೆ. ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕು, ಸರಿ. ಆದರೆ ಸುಳ್ಳನ್ನೇ ಹೇಳಬೇಕೆಂದೇನೂ ಇಲ್ಲವಲ್ಲ. ಅವರೇ ಇದ್ದಿದ್ದರೆ ಆ ಎರಡೂ ವಿಶೇಷಣಗಳ ಮೇಲೆ ನೇರಳೆ ಶಾಯಿಯಲ್ಲಿ ಗೆರೆ ಎಳೆದು ವಾಪಸು ಕಳಿಸುತ್ತಿದ್ದರು.

ಪಣಂಬೂರಿನಲ್ಲಿ, ಬಂದರಿನ ಗೇಟಿನಿಂದ ಸ್ವಲ್ಪ ಈಚೆ, ಹಡಗುಗಳಿಗೆ ಕಡಲ ನಕ್ಷೆ ಒದಗಿಸುವ ಒಂದು ಸಣ್ಣ ಆಫೀಸಿತ್ತು. ಅಲ್ಲಿ ನಾನು ಅವರ ಎದುರಿನ ಮೇಜಿನಲ್ಲಿ ಕೂತು ದುಡಿದವಳು. ತುಳುವಿನಲ್ಲಿ ಕೆಥೊಲಿಕ್ ಗಂಡಸರನ್ನು ಮರ್ಯಾದೆಯಿಂದ ಪೊರ್ಬು ಎನ್ನುತ್ತೇವೆ. ಅವರು ಎಲ್ಲರಿಗೂ ಪೊರ್ಬುಗಳೇ. ಹಿಂದಿ ಮಾತಾಡುವ ಮ್ಯಾನೇಜರು ಸಹ ಅದೇ ಅವರ ಹೆಸರೆಂದು ತಿಳಿದು ಸಂಬಳದ ಚೀಟಿಯಲ್ಲಿ ಒಮ್ಮೆ ಹಾಗೆಯೇ ಬರೆಸಿದ್ದರು. ಅದನ್ನೂ ಪೊರ್ಬುಗಳು ತಿದ್ದಿ ಮರಳಿಸಿದರು.

ತಿದ್ದುವುದೇ ನಮ್ಮ ಕಸುಬು. ಆಗ ಹಡಗಿನವರಿಗೆ ಕಾಗದದ ಚಾರ್ಟೇ ಗತಿ. ಸಮುದ್ರವೋ, ಹೇಳಿದ ಹಾಗೆ ಇರುವ ಪೈಕಿಯಲ್ಲ. ಎಲ್ಲೋ ಹೊಸ ದೀಪ ಕೂರಿಸುತ್ತಾರೆ, ಎಲ್ಲೋ ಹಡಗು ಮುಳುಗಿ ದಾರಿಗೆ ಅಡ್ಡವಾಗುತ್ತದೆ, ಎಲ್ಲೋ ಮರಳು ಜರುಗುತ್ತದೆ. ಇಂಥ ಬದಲಾವಣೆಗಳ ನೋಟಿಸು ವಾರಕ್ಕೊಮ್ಮೆ ಬರುತ್ತದೆ. ಅದನ್ನು ನೋಡಿ, ಮಾರಾಟಕ್ಕಿಟ್ಟ ಪ್ರತಿ ಚಾರ್ಟನ್ನೂ ಕೈಯಿಂದ ತಿದ್ದಬೇಕು. ಸೂಜಿಯಂಥ ಮೊನೆಯ ಪೆನ್ನು, ನೇರಳೆ ಶಾಯಿ. ಹಳೆಯದನ್ನು ಉಜ್ಜಿ ಅಳಿಸುವಂತಿಲ್ಲ, ಅಡಿಯಲ್ಲಿರುವುದು ಓದಲು ಬರುವ ಹಾಗೆ ತೆಳ್ಳಗೆ ಒಂದು ಗೆರೆ ಎಳೆಯಬೇಕು. ಕೊನೆಗೆ ಮೂಲೆಯಲ್ಲಿ ನೋಟಿಸಿನ ಸಂಖ್ಯೆ ಬರೆದು ಮೊಹರು ಒತ್ತಬೇಕು. ಮೊಹರಿಲ್ಲದ ಚಾರ್ಟು ಆಫೀಸಿನಿಂದ ಹೊರಗೆ ಹೋಗಕೂಡದು. ನಾನೂ ಈ ಕೆಲಸವನ್ನು ಚೆನ್ನಾಗಿಯೇ ಕಲಿತಿದ್ದೆ. ಆದರೆ ಸಂಜೆ ಬಾಗಿಲು ಹಾಕಿದ ಮೇಲೆ ನಾನು ಪೆನ್ನನ್ನು ಆಫೀಸಿನಲ್ಲೇ ಬಿಟ್ಟು ಬರುತ್ತಿದ್ದೆ. ಅವರು ಜೇಬಿನಲ್ಲಿ ಹಾಕಿಕೊಂಡು ಊರೆಲ್ಲ ತಿರುಗುತ್ತಿದ್ದರು.

ನನ್ನ ಮದುವೆಯ ಕಾಗದದ ಕಥೆ ಹೇಳಿದರೆ ನಿಮಗೆ ಅಂದಾಜಾದೀತು. ವಾಮಂಜೂರಿನ ನಮ್ಮ ಮನೆಗೆ ಹತ್ತಿರದ ದೇವಸ್ಥಾನದ ಸಭಾಭವನದಲ್ಲಿ ಮದುವೆ. ಅಪ್ಪ ಅಲ್ಲಿಯ ಅರ್ಚಕರು. ಬರುವವರಿಗೆ ದಾರಿ ತಿಳಿಯಲೆಂದು ಕಾಗದದ ಹಿಂಬದಿಗೆ ಅಪ್ಪನೇ ಒಂದು ನಕ್ಷೆ ಬರೆಸಿದ್ದರು. ಪೊರ್ಬುಗಳು ಕಾಗದ ತೆಗೆದುಕೊಂಡು, ಒಳ್ಳೆಯದಾಗಲಿ ಎಂದು ಒಂದು ಮಾತು ಹೇಳುವುದು ಬಿಟ್ಟು, ಮಗುಚಿ ನೋಡುತ್ತ ಕೂತರು. ಮಾರನೆಯ ದಿನ ಅವರು ತೋರಿಸಿದ್ದು ತಿದ್ದುಪಡಿಯಾದ ಮದುವೆ ಕಾಗದ. ಉತ್ತರ ದಿಕ್ಕಿನ ಬಾಣ ಪಶ್ಚಿಮಕ್ಕಿತ್ತಂತೆ, ಅದಕ್ಕೆ ಗೆರೆ. ದೇವಸ್ಥಾನದ ಕೆರೆ ನಕ್ಷೆಯಲ್ಲಿರಲಿಲ್ಲ, ಅದನ್ನು ಅಪಾಯದ ಗುರುತು ಹಾಕಿ ಸೇರಿಸಿದ್ದರು. ಮೂಲೆಯಲ್ಲಿ ಸಹಿ ಬೇರೆ. ಮದುವೆಯ ದಿನ ಅದನ್ನೇ ಹಿಡಿದುಕೊಂಡು ಬಂದು ಅಪ್ಪನ ಕೈಗೆ ಕೊಟ್ಟರು. ಧಾರೆಗೆ ನೀರು ಹಿಡಿದು ನಿಂತಿದ್ದ ಅಪ್ಪ ಕಕ್ಕಾಬಿಕ್ಕಿಯಾಗಿ ನನ್ನ ಮುಖ ನೋಡಿದರು.

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಅವರ ನಿಜವಾದ ಹುಚ್ಚು ಬಂಡೆಗಳದ್ದು. ಊರ ಬಂಡೆಗಳಲ್ಲ, ನಡುಗಡಲಿನಲ್ಲಿ ಒಂಟಿಯಾಗಿ ನಿಂತಿರುವ, ನರಪಿಳ್ಳೆ ಇಲ್ಲದ, ಹಕ್ಕಿಗಳು ಹಿಕ್ಕೆ ಹಾಕಲಷ್ಟೇ ಇಳಿಯುವ ಬಂಡೆಗಳು, ದಿಬ್ಬಗಳು, ಹವಳದ ಸಾಲುಗಳು. ಬುತ್ತಿಯ ಮುಚ್ಚಳ ತೆಗೆಯುವಾಗ ಶುರುವಾದರೆ ಕೈ ತೊಳೆದು ಬಂದರೂ ಮುಗಿಯುತ್ತಿರಲಿಲ್ಲ. ಅಟ್ಲಾಂಟಿಕ್ ಸಾಗರದಲ್ಲಿ ರಾಕಾಲ್ ಎಂಬ ಒಂದು ಬಂಡೆ ಇದೆಯಂತೆ, ಕೂತರೆ ಜಾರುವಂಥದ್ದು. ಬ್ರಿಟಿಷರು ಹೆಲಿಕಾಪ್ಟರಿನಿಂದ ಅದರ ಮೇಲಿಳಿದು, ಸಿಮೆಂಟು ಕಲಸಿ, ಇದು ನಮ್ಮದು ಎಂದು ಫಲಕ ಕೂರಿಸಿ ಬಂದರಂತೆ. ಜಪಾನಿನವರಿಗೆ ದಕ್ಷಿಣದಲ್ಲೆಲ್ಲೋ ಒಂದು ಹವಳದ ದಿಬ್ಬವಿದೆ. ಭರತದ ಹೊತ್ತಿಗೆ ನೀರಿನ ಮೇಲೆ ಉಳಿಯುವುದು ಮಂಚದಗಲದ ಎರಡು ಕಲ್ಲು. ಅವು ಸವೆದುಹೋದರೆ ಸುತ್ತಲಿನ ಕಡಲಿನ ಹಕ್ಕೂ ಹೋದೀತೆಂದು ಅವುಗಳಿಗೆ ಕಾಂಕ್ರೀಟಿನ ಕಟ್ಟೆ ಕಟ್ಟಿ ಕಾಯುತ್ತಿದ್ದಾರಂತೆ. ನನ್ನ ಬಸಳೆ ಪದಾರ್ಥ ತಣಿದು ಕಲ್ಲಾಗುತ್ತಿತ್ತು. ಅದನ್ನು ಕಾಯುವವರು ಮಾತ್ರ ಯಾರೂ ಇರಲಿಲ್ಲ.

ಒಮ್ಮೆ ಆಫೀಸಿನವರೆಲ್ಲ ಮಲ್ಪೆಯಿಂದ ದೋಣಿ ಹಿಡಿದು ಸೈಂಟ್ ಮೇರೀಸ್ ದ್ವೀಪಕ್ಕೆ ಪಿಕ್‌ನಿಕ್ಕು ಹೊರಟೆವು. ಬಂಡೆಯ ಹುಚ್ಚಿನ ಮನುಷ್ಯ, ಕಂಬ ಕಂಬವಾಗಿ ನಿಂತ ಅಲ್ಲಿಯ ಕಲ್ಲು ನೋಡಿ ಸಂತೋಷಪಟ್ಟಾರು ಎಂದುಕೊಂಡೆವು. ಅವರು ದಡದಲ್ಲೇ ಕೂತರು. ಚುರುಮುರಿ ಸಿಗುವ ಬಂಡೆಗೆ ಹೋಗಲಿಕ್ಕೆ ತಾನೇಕೆ ಬರಬೇಕು ಎಂದು ಅವರ ವಾದ. ಅವರಿಗೆ ಪ್ರೀತಿಯ ಜಾಗಗಳು ಬೇರೆ. ಲಕ್ಷದ್ವೀಪದ ಉತ್ತರದ ತುದಿಯಲ್ಲಿ, ನೀರಿಗಿಂತ ಒಂದು ಗೇಣು ಮೇಲೆ ಮರಳು ಕಾಣುವ ಚೆರ್ಬನಿಯಾನಿ, ಬೈರಾಮ್‌ಗೋರ್ ಎಂಬ ಹವಳದ ಸಾಲುಗಳು, ಕಡಲಹಕ್ಕಿಗಳಿಗೇ ಬಿಟ್ಟುಕೊಟ್ಟ ಪಿಟ್ಟಿ ಎಂಬ ಮರಳ ತುಣುಕು. ಅಮೀನಿ, ಚೆತ್ಲಾತ್ ಮುಂತಾದ ಅಲ್ಲಿಯ ಉತ್ತರದ ದ್ವೀಪಗಳು ಹಿಂದೆ ನಮ್ಮ ದಕ್ಷಿಣ ಕನ್ನಡದ ಕಲೆಕ್ಟರರ ಕೈಕೆಳಗಿದ್ದವು. ಈ ಒಂದು ಎಳೆ ಹಿಡಿದು ಅವರು ಆ ಖಾಲಿ ಮರಳಿನ ಮೇಲೂ ಮಂಗಳೂರಿನವರ ಗತ್ತಿನಿಂದ ಮಾತಾಡುತ್ತಿದ್ದರು, ಏನೋ ಬಂಟ್ವಾಳದ ಆಚೆ ಅಜ್ಜನ ಗದ್ದೆ ಉಂಟು ಎನ್ನುವವರ ಹಾಗೆ.

ನಗು ಬರುವಂತೆ ಮಾತಾಡಲು ಬಾರದವರೇನಲ್ಲ. ಮನುಷ್ಯ ಬದುಕಲಾಗದ, ಸ್ವಂತ ದುಡಿಮೆ ಇಲ್ಲದ ಬಂಡೆಗೆ ಸುತ್ತಲಿನ ಹನ್ನೆರಡು ಮೈಲಿಯಾಚೆ ಹಕ್ಕಿಲ್ಲ ಎಂದು ಕಡಲ ಕಾನೂನಿನಲ್ಲಿದೆ. ಹೊಸ ಮ್ಯಾನೇಜರು ಗಾಜಿನ ಕೋಣೆ ಕಟ್ಟಿಸಿಕೊಂಡು ನಮ್ಮ ಮೇಜುಗಳ ಕಡೆಗೂ ಕಣ್ಣು ಹಾಕಿದಾಗ ಪೊರ್ಬುಗಳು ಆ ಕೋಣೆಯನ್ನು ದಿಟ್ಟಿಸಿ, ಕಾನೂನು ಇಲ್ಲಿಗೂ ಅನ್ವಯಿಸುತ್ತದೆ ಎಂದರು. ನಾನು ನಕ್ಕೆ. ನಕ್ಕದ್ದೇ ತಪ್ಪಾಯಿತು. ಆ ಕಾನೂನಿನ ಉಳಿದ ವಿಧಿಗಳನ್ನೆಲ್ಲ ಕೇಳಬೇಕಾಗಿ ಬಂದು ಐದೂಕಾಲರ ಬಸ್ಸು ಹೋಯಿತು.

ಈ ಹುಚ್ಚಿಗೆ ಬೇರು ಎಲ್ಲಿತ್ತೆಂದು ಆಫೀಸಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಅವರ ತಂದೆ ಹಂಚಿನ ಕಾರ್ಖಾನೆಯೊಂದರ ಗುಮಾಸ್ತರು. ಮಂಗಳೂರಿನ ಹಳೆಯ ಬಂದರ್‌ನಿಂದ ಮೊಂಬಾಸಾದ ಕಡೆಗೆ ಹಂಚು ತುಂಬಿಕೊಂಡು ಹೊರಟ ಮಂಜಿಯಲ್ಲಿ, ಅಂದರೆ ಹಾಯಿ ಕಟ್ಟಿದ ಸರಕಿನ ಹಡಗಿನಲ್ಲಿ, ಲೆಕ್ಕ ನೋಡಲೆಂದು ಜೊತೆಗೆ ಹೋದರು. ಮಂಜಿ ಆಚೆ ದಡ ಮುಟ್ಟಲಿಲ್ಲ. ಎಷ್ಟೋ ತಿಂಗಳ ಮೇಲೆ ಒಬ್ಬ ಖಲಾಸಿ ಮಾತ್ರ ತಿರುಗಿ ಬಂದ. ಲಕ್ಷದ್ವೀಪ ದಾಟಿದ ಮೇಲೆ ಮುಸ್ಸಂಜೆ ಹೊತ್ತಿಗೆ ಬಂಡೆಗೆ ಬಡಿಯಿತು, ಎಲ್ಲರೂ ಹೋದರು ಎಂದ. ಅವನ ಕಥೆ ಹೇಳಿದ ಸಲಕ್ಕೊಂದು ರೀತಿ. ಅಲ್ಲೆಲ್ಲ ಬರೀ ಆಳದ ನೀರು, ಬಂಡೆ ಎಲ್ಲಿಂದ ಬಂತು ಎಂದು ಬಂದರ್‌ನ ಮಂಜಿಯವರು ನಕ್ಕರು. ಊರಿಗೆ ಇಷ್ಟು ಸಾಕಾಯಿತು. ಗುಮಾಸ್ತರು ಸತ್ತಿಲ್ಲ, ಮೊಂಬಾಸಾದಲ್ಲಿ ಯಾವಳನ್ನೋ ಕಟ್ಟಿಕೊಂಡು ಬೇಕರಿ ಇಟ್ಟಿದ್ದಾರೆ ಎಂದು ಅವರ ಮನೆಯಿದ್ದ ಕುಲಶೇಖರದಲ್ಲಿ ಮಾತು ಹುಟ್ಟಿತು. ತಾಯಿ ಪ್ರತಿ ವರ್ಷ ಇಗರ್ಜಿಯಲ್ಲಿ ಗಂಡನ ಆತ್ಮಶಾಂತಿಗೆ ಪೂಜೆ ಹೇಳಿಸುತ್ತಿದ್ದರು. ಪಾದ್ರಿಗಳು ಆ ಹೆಸರು ಓದುವಾಗ ಹಿಂದಿನ ಬೆಂಚುಗಳಲ್ಲಿ ಕೆಮ್ಮು ಕೇಳುತ್ತಿತ್ತು.

ಪೊರ್ಬುಗಳಿಗೆ ನಮ್ಮ ಆಫೀಸಿನಲ್ಲಿ ಕೆಲಸ ಸಿಕ್ಕಿದಾಗ ಮೊದಲು ಮಾಡಿದ್ದು ಅರಬ್ಬಿ ಸಮುದ್ರದ ಚಾರ್ಟು ಬಿಚ್ಚಿದ್ದು. ಖಲಾಸಿ ಹೇಳಿದ ಕಡೆಗೆ ಸರಿಸುಮಾರಾಗಿ, ಖಾಲಿ ಕಡಲಿನ ನಡುವೆ, ಚುಕ್ಕಿಗಳ ಒಂದು ಸಣ್ಣ ವೃತ್ತವಿತ್ತು. ಅದರ ಪಕ್ಕದಲ್ಲಿ ‘ಇದೆಯೋ ಇಲ್ಲವೋ ಸಂಶಯ’ ಎಂದು ಸೂಚಿಸುವ ಎರಡಕ್ಷರ. ಯಾವ ಕಾಲದಲ್ಲೋ ಯಾವನೋ ಕಪ್ತಾನ ಅಲ್ಲಿ ನೊರೆ ಕಂಡೆ ಎಂದು ವರದಿ ಮಾಡಿರಬೇಕು. ಬಂಡೆಯನ್ನು ಚಾರ್ಟಿಗೆ ಹಾಕಲು ಒಬ್ಬನ ಮಾತು ಸಾಕು. ತೆಗೆಯಲು ಮಾತ್ರ ಯಾರಿಗೂ ಧೈರ್ಯ ಬರುವುದಿಲ್ಲ, ನಾಳೆ ಯಾವುದಾದರೂ ಹಡಗು ಬಡಿದರೆ ಜವಾಬ್ದಾರಿ ಯಾರು? ಪೊರ್ಬುಗಳು ಆ ಚಾರ್ಟಿನ ಹಳೆಯ ಪ್ರತಿಯೊಂದನ್ನು ಮನೆಗೆ ಒಯ್ದು ತಾಯಿಯ ಮುಂದೆ ಹಾಸಿದರು. ಪಾದ್ರಿಗಳಿಗೆ ತೋರಿಸಿದರು. ಕೆಮ್ಮುತ್ತಿದ್ದವರ ಮನೆಮನೆಗೂ ಒಯ್ದು ತೋರಿಸಿದರು. ಅಚ್ಚಾದ ನಕ್ಷೆಯಲ್ಲೇ ಬಂಡೆ ಇರುವಾಗ ಬೇಕರಿ ನಿಲ್ಲುವುದು ಹೇಗೆ? ಊರು ಬಾಯಿ ಮುಚ್ಚಿತು. ಅಂದಿನಿಂದ ಅವರಿಗೆ ಆ ಚುಕ್ಕಿಯ ವೃತ್ತವೇ ತಂದೆಯ ಸಮಾಧಿ.

ಆಮೇಲೆ ಜಗತ್ತಿನ ಎಲ್ಲ ಅನುಮಾನದ ಬಂಡೆಗಳ ಸುದ್ದಿಯನ್ನೂ ಅವರು ಭಯದಿಂದಲೇ ಓದುತ್ತಿದ್ದರೆಂದು ನನಗೆ ತಡವಾಗಿ ಹೊಳೆಯಿತು. ಆಸ್ಟ್ರೇಲಿಯಾದ ಪೂರ್ವಕ್ಕೆ ನಕ್ಷೆಗಳಲ್ಲಿ ಬಹುಕಾಲದಿಂದ ಇದ್ದ ದ್ವೀಪವೊಂದನ್ನು ಹುಡುಕಿಕೊಂಡು ಸಂಶೋಧಕರ ಹಡಗೊಂದು ಹೋಯಿತು. ಅಲ್ಲಿ ದ್ವೀಪವೂ ಇಲ್ಲ, ಕಲ್ಲೂ ಇಲ್ಲ, ಆಳವಾದ ನೀರು. ಈ ಸುದ್ದಿ ಪತ್ರಿಕೆಯಲ್ಲಿ ಬಂದ ದಿನ ನಾವೆಲ್ಲ ನಕ್ಕು ಸುಸ್ತಾದೆವು. ಪೊರ್ಬುಗಳು ಒಬ್ಬರೇ ನಗಲಿಲ್ಲ. ಬುತ್ತಿಯನ್ನೂ ಬಿಚ್ಚಲಿಲ್ಲ.

ನಮ್ಮ ಬಂಡೆಯ ನೋಟಿಸು ಅದಾಗಿ ಕೆಲಕಾಲಕ್ಕೆ ಬಂತು. ಅವರ ನಿವೃತ್ತಿ ಹತ್ತಿರವಿತ್ತು. ಎಂದಿನಂತೆ ನಾನು ಗಟ್ಟಿಯಾಗಿ ಓದುತ್ತಿದ್ದೆ, ಅವರು ಚಾರ್ಟುಗಳನ್ನು ತೆಗೆದಿಡುತ್ತಿದ್ದರು. ಅರಬ್ಬಿ ಸಮುದ್ರದ ಚಾರ್ಟಿನ ಸಂಖ್ಯೆ ಬಂತು. ಹೊಸ ಸರ್ವೆಯ ಪ್ರಕಾರ ಇಂಥ ಅಕ್ಷಾಂಶ ರೇಖಾಂಶದಲ್ಲಿರುವ ಸಂಶಯದ ಬಂಡೆಯನ್ನು ತೆಗೆದುಹಾಕಿ, ಅಲ್ಲಿ ಆಳ ನಮೂದಿಸಬೇಕು ಎಂದಿತ್ತು. ಅರ್ಧ ಓದಿದ ಮೇಲೆ ನನ್ನ ನಾಲಿಗೆ ತಡೆಯಿತು. ಅವರು ಮುಂದೆ ಓದಿ ಎಂದರು. ಓದಿದೆ. ಅವರು ಚಾರ್ಟನ್ನು ಮೇಜಿನ ಮೇಲೆ ಹರಡಿ, ನಾಲ್ಕು ಮೂಲೆಗೂ ಭಾರ ಇಟ್ಟು, ಪೆನ್ನಿನ ಮುಚ್ಚಳ ತೆಗೆದರು. ಮತ್ತೆ ಹಾಕಿದರು. ಸಂಜೆಯವರೆಗೂ ಅದೇ ಕೆಲಸ.

ಅದೇ ಹೊತ್ತಿಗೆ ಬಂದರಿನಲ್ಲಿ ಒಂದು ಹಡಗು ಹೊರಡಲು ತಯಾರಾಗಿ ನಿಂತಿತ್ತು. ಅದಕ್ಕೆ ಬೇಕಿದ್ದ ಚಾರ್ಟುಗಳಲ್ಲಿ ಇದೂ ಒಂದು. ಮರುದಿನವೂ ಪೊರ್ಬುಗಳು ಗೆರೆ ಎಳೆಯಲಿಲ್ಲ. ಹಾಗೇ ಕೊಟ್ಟುಬಿಡಿ ಎಂದರೆ, ತಿದ್ದದ ಚಾರ್ಟಿಗೆ ಮೊಹರು ಒತ್ತುವುದು ತನ್ನಿಂದಾಗದು ಎಂದರು. ತಿದ್ದಿ ಎಂದರೆ ಮೂಲೆಗಳ ಭಾರ ಸರಿಪಡಿಸಿದರು. ಏಜೆಂಟನ ಫೋನು ಮೇಲಿಂದ ಮೇಲೆ ಬರುತ್ತಿತ್ತು. ಮ್ಯಾನೇಜರು ಗಾಜಿನ ಕೋಣೆಯಿಂದ ಹೊರಗೆ, ಹೊರಗಿನಿಂದ ಒಳಗೆ. ಹಿಂದಿಯಲ್ಲಿ ಬೈದರು, ಇಂಗ್ಲಿಷಿನಲ್ಲಿ ಬೇಡಿದರು. ಆ ಹಿರಿಯರು ಹಟ ಹಿಡಿದ ಮಗುವಿನ ಹಾಗೆ ಚಾರ್ಟಿನ ಮೇಲೆ ಎರಡೂ ಕೈ ಊರಿ ಕೂತಿದ್ದರು. ನನ್ನ ತಾಳ್ಮೆ ಹರಿಯಿತು. ಪೆನ್ನು ಇತ್ತ ಕೊಡಿ, ನಾನೇ ಎಳೆಯುತ್ತೇನೆ ಎಂದು ಕೈ ಚಾಚಿದೆ.

“ಬೇಡ. ನಿಮ್ಮ ಗೆರೆ ಸೊಟ್ಟ ಹೋಗ್ತದೆ” ಎಂದರು.

ನನ್ನ ಗೆರೆಯನ್ನು ಅಷ್ಟು ವರ್ಷದಲ್ಲಿ ಯಾರೂ ಸೊಟ್ಟ ಎಂದಿರಲಿಲ್ಲ. ಮೈಯೆಲ್ಲ ಉರಿಯಿತು. ಆಗ ಅವರು ತಗ್ಗಿದ ದನಿಯಲ್ಲಿ, ಮೊದಲು ಮಾಯ್‌ಗೆ, ಅಂದರೆ ತಾಯಿಗೆ, ಹೇಳಬೇಕು, ಅವರಿಗೆ ತೋರಿಸಿದವ ನಾನು, ಅವರಿಗೆ ಹೇಳದೆ ಅಳಿಸಿದರೆ ಕಳ್ಳತನ ಮಾಡಿದ ಹಾಗೆ ಆಗುತ್ತದೆ ಎಂದರು. ಹಾಗಾದರೆ ಎರಡು ದಿನದಿಂದ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಬಾಯಿ ಬರುವುದಿಲ್ಲ ಎಂದರು. ಹಡಗು ಮರುದಿನ ಮಧ್ಯಾಹ್ನ ಹೊರಡಲೇಬೇಕಿತ್ತು. ನಾನು ಆಫೀಸಿನ ಸ್ಕೂಟರಿನ ಕೀಲಿ ತೆಗೆದುಕೊಂಡು, ಏಳಿ ಎಂದೆ.

ಪಣಂಬೂರಿನಿಂದ ಕುಲಶೇಖರದವರೆಗೆ ಅವರನ್ನು ಹಿಂದೆ ಕೂರಿಸಿಕೊಂಡು ಹೋದದ್ದು ನನ್ನ ಜನ್ಮಾಂತರದ ಪಾಪ ತೊಳೆಯಲು ಸಾಕು. ಕೂಳೂರು ಸೇತುವೆಯ ಮೇಲೆ ನಾನು ಲಾರಿಗಳ ನಡುವೆ ಜೀವ ಹಿಡಿದು ಹೋಗುತ್ತಿದ್ದರೆ ಅವರು ಹಿಂದಿನಿಂದ, ಸ್ವಲ್ಪ ಎಡಕ್ಕೆ, ಈಗ ಬಲಕ್ಕೆ ಎಂದು ದಿಕ್ಕು ಹೇಳುತ್ತಿದ್ದರು. ನಂತೂರಿನ ವೃತ್ತದಲ್ಲಿ ಇಳಿಸಿಬಿಡಲೇ ಎಂದುಕೊಂಡೆ. ಆದರೆ ಅಷ್ಟರಲ್ಲಿ ಅವರು ದಿಕ್ಕು ಹೇಳುವುದು ಬಿಟ್ಟು, ತಾಯಿಗೆ ಹೇಳಬೇಕಾದ ಮಾತನ್ನು ಕೊಂಕಣಿಯಲ್ಲಿ ತಮಗೆ ತಾವೇ ಅಭ್ಯಾಸ ಮಾಡುತ್ತಿದ್ದರು. ಸಿಟ್ಟಿನ ಜೊತೆಗೇ ಕನಿಕರವೂ ಬಂತು.

ಅವರ ತಾಯಿ ಕನ್ನಡ ಶಾಲೆಯ ಟೀಚರಾಗಿದ್ದವರು. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಬೈಯುವುದಿದ್ದರೆ ಮಾತ್ರ ಶಾಲೆಯ ಕನ್ನಡ. ನಾವು ಹೋದಾಗ ಹಲಸಿನ ಬೀಜದ ಸಿಪ್ಪೆ ತೆಗೆಯುತ್ತ ಕೂತಿದ್ದರು. ಕೆಥೊಲಿಕ್ ಹೆಂಗಸರನ್ನು ನಾವು ಮರ್ಯಾದೆಯಿಂದ ಕರೆಯುವಂತೆ ನಾನು ಬಾಯಮ್ಮ ಎಂದು ಕರೆದು ಪಕ್ಕದಲ್ಲಿ ಕೂತೆ. ಪೊರ್ಬುಗಳು ನಿಂತೇ ಇದ್ದರು. ಕೊಂಕಣಿಯಲ್ಲಿ ಏನೇನೋ ಸುತ್ತಿ ಬಳಸಿ ಹೇಳಿದರು. ಸರ್ವೆ, ಹೊಸ ಯಂತ್ರ, ಅಕ್ಷಾಂಶ, ರೇಖಾಂಶ ಎಲ್ಲ ಬಂದವು, ಮುಖ್ಯ ಮಾತು ಮಾತ್ರ ಬರಲಿಲ್ಲ. ಕೊನೆಗೆ ನಾನೇ ತುಳುವಿನಲ್ಲಿ ಹೇಳಿಬಿಟ್ಟೆ. ಬಾಯಮ್ಮ, ಆ ಬಂಡೆ ಅಲ್ಲಿ ಇಲ್ಲವಂತೆ. ಹೋಗಿ ನೋಡಿ ಬಂದಿದ್ದಾರೆ.

ಮುದುಕಿ ಬೀಜವನ್ನು ಕೆಳಗಿಡಲಿಲ್ಲ. ಮಗನ ಮುಖ ನೋಡಿದರು. ಆಮೇಲೆ ಕನ್ನಡದಲ್ಲಿ ಕೇಳಿದರು.

“ಬಂಡೆ ಇಲ್ಲದಿದ್ದರೆ ಅಲ್ಲಿ ಎಂತ ಉಂಟು?”

“ನೀರು, ಮಾಯ್.”

“ಎಷ್ಟು ಆಳ?”

“ಎರಡು ಸಾವಿರ ಮೀಟರಿಗಿಂತ ಹೆಚ್ಚು.”

“ಮನುಷ್ಯ ಮುಳುಗಲಿಕ್ಕೆ ಅಷ್ಟು ನೀರು ಸಾಕಾಗುವುದಿಲ್ಲವಾ? ಮೇಲಿಂದ ಬಂಡೆ ಬೇರೆ ಬೇಕಾ ನಿನಗೆ?”

ಅವರ ತಾಯಿ ಅಷ್ಟಕ್ಕೇ ಬಿಡಲಿಲ್ಲ. ಶಾಲೆಯಲ್ಲಿ ದಡ್ಡ ಹುಡುಗರಿಗೆ ಹೇಳಿಕೊಟ್ಟ ರೀತಿಯಲ್ಲಿ ಒಂದೊಂದೇ ಮಾತು ಬಿಡಿಸಿ ಹೇಳಿದರು. ನಿನ್ನ ಅಪ್ಪ ಉಳ್ಳಾಲಕ್ಕೆ ಹೊಳೆ ದಾಟುವಾಗ ದೋಣಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೂರುತ್ತಿದ್ದವರು. ಈಜು ಬಾರದು, ನೀರು ಕಂಡರೆ ಹೆದರಿಕೆ. ಸಂಬಳ ಹೆಚ್ಚು ಸಿಗುತ್ತದೆಂದು ಮಂಜಿ ಹತ್ತಿದರು. ಬರಲಿಕ್ಕೆ ಆಗಿದ್ದರೆ ನಡೆದುಕೊಂಡಾದರೂ ಬರುತ್ತಿದ್ದರು. ಬರಲಿಲ್ಲ, ಆದ್ದರಿಂದ ಸತ್ತರು. ಇದು ನನಗೆ ಆ ವರ್ಷವೇ ಗೊತ್ತು. ಪೂಜೆ ಹೇಳಿಸಿದ್ದು ಅದಕ್ಕೆ, ನಿನ್ನ ಕಾಗದ ನೋಡಿ ಅಲ್ಲ. ನೀನು ಕಾಗದ ಹಿಡಿದುಕೊಂಡು ಮನೆ ಮನೆ ತಿರುಗಿದಾಗ ನನಗೆ ನಾಚಿಕೆಯಾಗಿತ್ತು. ಹುಡುಗನಿಗೆ ಸಮಾಧಾನ ಆಗುವುದಾದರೆ ಆಗಲಿ ಎಂದು ಸುಮ್ಮನಿದ್ದೆ.

ಇಷ್ಟು ಹೇಳಿ ಹಲಸಿನ ಬೀಜದ ಪಾತ್ರೆಯನ್ನು ನನ್ನ ಕಡೆಗೆ ಜರುಗಿಸಿದರು. ನಾನು ಸಿಪ್ಪೆ ತೆಗೆಯತೊಡಗಿದೆ. ಕಣ್ಣು ಮಂಜಾಗಿ ಸಿಪ್ಪೆ ಯಾವುದು, ಬೀಜ ಯಾವುದು ತಿಳಿಯುತ್ತಿರಲಿಲ್ಲ. ಪೊರ್ಬುಗಳು ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದರು.

ನಾನು ಹೊರಡುವಾಗ ಪೊರ್ಬುಗಳು ಗೇಟಿನವರೆಗೆ ಬಂದರು. ಅಲ್ಲಿ ನನಗೆ ತಡೆಯಲಾಗಲಿಲ್ಲ. ಬಂದ ಸಿಟ್ಟನ್ನೆಲ್ಲ ಕಾರಿಬಿಟ್ಟೆ. ಎಷ್ಟು ವರ್ಷ ಸರ್, ಎಷ್ಟು ವರ್ಷ ನಮ್ಮ ತಲೆ ತಿಂದಿರಿ, ಎಷ್ಟು ಬಸ್ಸು ತಪ್ಪಿಸಿದಿರಿ, ಅಟ್ಲಾಂಟಿಕ್‌ನ ಬಂಡೆ, ಜಪಾನಿನ ಬಂಡೆ, ಇನ್ನೆಲ್ಲಿಯದೋ ಬಂಡೆ ಎಂದು ಲೋಕವನ್ನೆಲ್ಲ ವಿಚಾರಿಸಿದಿರಿ. ಒಂದೇ ಮನೆಯಲ್ಲಿ, ಒಂದೇ ಮೇಜಿನಲ್ಲಿ ಉಂಡ ತಾಯಿಯನ್ನು ಒಂದು ಸಲ ಕೇಳಬಾರದಿತ್ತಾ ಎಂದೆ.

ಅವರು ಗೇಟಿನ ಚಿಲಕವನ್ನು ಹಾಕಿ ತೆಗೆದು ಮಾಡುತ್ತ ನಿಂತರು.

“ಕೇಳಬಹುದಿತ್ತು ಮಾರಾಯ್ತಿ” ಎಂದರು. “ಅವರಿಗೂ ಸಂಶಯ ಉಂಟು ಅಂತ ಹೇಳಿದ್ದರೆ ನಾನು ಎಂತ ಮಾಡುವುದಿತ್ತು?”

ಬೆಳಿಗ್ಗೆ ನಾನು ಆಫೀಸಿಗೆ ಹೋಗುವಷ್ಟರಲ್ಲಿ ಅವರು ಆ ಚಾರ್ಟಿನ ಎಲ್ಲ ಪ್ರತಿಗಳಲ್ಲೂ ಗೆರೆ ಎಳೆದು, ಆಳ ಬರೆದು, ಮೊಹರು ಒತ್ತಿ, ಒಂದನ್ನು ತಾವೇ ಹಡಗಿಗೆ ಒಯ್ದು ಕೊಟ್ಟು ಬಂದಿದ್ದರು.